ಹೊರಡುವ ಮುನ್ನ ಅವಳು ಓದಿದ್ದು ನನ್ನನ್ನು

ನಾನು ಒಂದು ಪುಸ್ತಕ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಗದಗಿನ ಸಣ್ಣ ಮುದ್ರಣಾಲಯವೊಂದರಲ್ಲಿ ಹುಟ್ಟಿದೆ. ಸಿಂಹಳ ದ್ವೀಪದ ಚರಿತ್ರೆಯೂ ಅಲ್ಲಿಯ ಬೌದ್ಧ ಧರ್ಮವೂ ನನ್ನ ಇನ್ನೂರ ಎಂಬತ್ತು ಪುಟಗಳಲ್ಲಿವೆ. ನನ್ನನ್ನು ಹೊಲಿದ ಹೆಂಗಸು ದಾರವನ್ನು ಹಲ್ಲಿನಿಂದ ಕಡಿದಳು. ನನ್ನ ಮೇಲೆ ಬಿದ್ದ ಮೊದಲ ಉಸಿರು ಅವಳದೇ.

ಒಂದು ಹೈಸ್ಕೂಲಿನ ಕಪಾಟಿನಲ್ಲಿ ಮೂವತ್ತು ವರ್ಷ ನಿಂತೆ. ಕೊನೆಯ ಪುಟದವರೆಗೆ ಓದಿದವರು ಒಬ್ಬರೇ ಮಾಸ್ತರು. ಆಮೇಲೆ ಹಳಬರೆಲ್ಲ ಗೋಣಿಚೀಲ ಸೇರಿದೆವು. ಹೀಗೆ ಹುಬ್ಬಳ್ಳಿಯ ಮೌಲಾಸಾಬರ ಹಳೆ ಪುಸ್ತಕದ ಅಂಗಡಿಗೆ ಬಂದೆ.

ನೀಲಾಂಬಿಕೆ ಬಂದದ್ದು ಅಲ್ಲಿಗೆ. ನಿವೃತ್ತ ಇಂಗ್ಲಿಷ್ ಟೀಚರು, ಅರವತ್ತೆಂಟರ ವಯಸ್ಸು. ತಂಗಿಯನ್ನು ನೋಡಲು ಶ್ರೀಲಂಕಾಕ್ಕೆ ಹೊರಟಿರುವೆನೆಂದು ಹೇಳಿದಾಗ ಮೌಲಾಸಾಬರು ಬಣ್ಣದ ಚಿತ್ರಗಳ ಪ್ರವಾಸದ ಪುಸ್ತಕ ತೋರಿಸಿದರು.

"ಅಕ್ಕೋರ, ಶ್ರೀಲಂಕಾಕ್ಕ ಹೋಗೋರು ಎಲ್ಲಾರೂ ಇದನ್ನ ಒಯ್ತಾರ್ರಿ."

"ಸಮುದ್ರದ ದಂಡಿ ನೋಡಾಕ ಹೊಂಟಿಲ್ಲ ನಾನು. ಅಲ್ಲಿ ಮಂದಿ ಏನು ನಂಬ್ತಾರ, ಯಾಕ ನಂಬ್ತಾರ, ಅದು ತಿಳೀಬೇಕು," ಎಂದು ನನ್ನನ್ನು ಎತ್ತಿಕೊಂಡಳು.

ಅವಳು ಪುಟದ ಗುರುತಿಗೆ ಇಡುತ್ತಿದ್ದದ್ದು ಒಂದು ಪತ್ರ. ಆ ಪತ್ರ ನನಗೆ ಬಾಯಿಪಾಠವಾಗಿದೆ. ಬರೆದವಳು ತಂಗಿ ಮುಕ್ತಾ. ಮೂವತ್ತೊಂದು ವರ್ಷದ ಹಿಂದೆ, ಅಕ್ಕ ಗೊತ್ತುಮಾಡಿದ್ದ ಮದುವೆಯನ್ನು ಬಿಟ್ಟು ಬೌದ್ಧ ಸನ್ಯಾಸಿನಿಯಾಗಲು ಹೊರಟವಳು. ಆ ದಿನ ನೀಲಾಂಬಿಕೆ, "ಈ ಮನಿ ಹೊಸ್ತಿಲಾ ಮತ್ತ ತುಳೀಬ್ಯಾಡ," ಎಂದಿದ್ದಳು. ತಂಗಿ ತುಳಿಯಲೇ ಇಲ್ಲ. ಈಗ ಶ್ರೀಲಂಕಾದ ಕ್ಯಾಂಡಿ ಹತ್ತಿರದ ಮಠದಿಂದ ಬರೆದಿದ್ದಳು: "ಅಕ್ಕಾ, ಮೈಯಲ್ಲಿ ಮೊದಲಿನ ಶಕ್ತಿ ಇಲ್ಲ. ನಾನು ಬರಲಾರೆ. ನೀನೇ ಬಾ."

ನೀಲಾಂಬಿಕೆ ಪೆನ್ಸಿಲ್ ಹಿಡಿದು ನನ್ನನ್ನು ಓದಿದಳು. ರಾಜರ ಹೆಸರು, ಬೋಧಿವೃಕ್ಷದ ಕೊಂಬೆ ಕಡಲು ದಾಟಿದ ಕಥೆ, ಸನ್ಯಾಸಿನಿಯರ ನಿಯಮ, ಎಲ್ಲದರ ಕೆಳಗೂ ಗೆರೆ ಎಳೆದಳು. ನಾನು ಮುಗಿದೆ. ಅವಳು ಹೊರಡಲಿಲ್ಲ. ನನ್ನನ್ನು ಚೀಲದಲ್ಲಿಟ್ಟುಕೊಂಡು ಮತ್ತೆ ಅಂಗಡಿಗೆ ಹೋಗಿ ಇನ್ನೊಂದು ಪುಸ್ತಕ ತಂದಳು. ಅದಾದ ಮೇಲೆ ಮತ್ತೊಂದು.

"ಯಾವಾಗ ಹೊಂಟೀರಿ, ಅಕ್ಕೋರ?" ಎಂದು ಮೌಲಾಸಾಬರು ಕೇಳಿದರು.

"ಇನ್ನೊಂದೆರಡು ಓದಿ ಹೋಗ್ತೇನ್ರಿ. ಏನೂ ತಿಳೀದ ಹೋಗಿ ಆಕಿ ಮುಂದ ಹ್ಯಾಂಗ ನಿಂದರ್ಲಿ?"

"ತಪ್ಪು ತಿಳ್ಕೋಬ್ಯಾಡ್ರಿ. ತಂಗೀನ್ನ ನೋಡಾಕ ಹೊಂಟೀರೋ, ಪರೀಕ್ಷಾ ಬರ್ಯಾಕ ಹೊಂಟೀರೋ?"

ಅವಳು ದುಡ್ಡು ಎಣಿಸಿ ಕೊಟ್ಟು, ಹೊಸ ಪುಸ್ತಕವನ್ನು ನನ್ನ ಪಕ್ಕ ಚೀಲಕ್ಕಿಳಿಸಿದಳು. ಓದುವುದು ಅವಳಿಗೆ ಸುಲಭವಾಗಿತ್ತು. ತಂಗಿಯ ಮಠದ ಬಾಗಿಲ ಮುಂದೆ ನಿಲ್ಲುವುದು ಕಷ್ಟವಾಗಿತ್ತು.

ನನ್ನನ್ನು ಕೊಂಡ ಐದನೆಯ ತಿಂಗಳಲ್ಲಿ ಮಠದಿಂದ ಫೋನ್ ಬಂತು. ಮುಕ್ತಾ ತೀರಿಕೊಂಡು ಎರಡು ದಿನವಾಗಿತ್ತು. ನೀಲಾಂಬಿಕೆ ಅಳಲಿಲ್ಲ. ಮೇಜಿನ ಮೇಲಿದ್ದ ನಮ್ಮೆಲ್ಲರನ್ನೂ ಒಂದರ ಮೇಲೊಂದು ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು. ಮರುವಾರವೇ ಹೊರಟಳು. ಜೊತೆಗೆ ಒಯ್ದದ್ದು ನನ್ನನ್ನು ಮಾತ್ರ.

ಬೆಟ್ಟದ ಓರೆಯಲ್ಲಿದ್ದ ಆ ಮಠದಲ್ಲಿ, ತಂಗಿಯ ಬೂದಿ ಹೂತ ಕಡೆ ಇನ್ನೂ ಹಸಿ ಮಣ್ಣಿತ್ತು. ಮುಕ್ತಾಳ ಆರೈಕೆ ಮಾಡಿದ್ದ ಸನ್ಯಾಸಿನಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: "ಅವರು ದಿನಾ ಬಸ್ಸಿನ ಹೊತ್ತಿಗೆ ಜಗಲಿಯಲ್ಲಿ ಕೂರುತ್ತಿದ್ದರು. ಅಕ್ಕ ಬಂದರೆ ಹೊಟ್ಟೆ ತುಂಬ ಕನ್ನಡ ಮಾತಾಡಬೇಕು, ಮರೆತೇಹೋಗುತ್ತಿದೆ ಎನ್ನುತ್ತಿದ್ದರು."

ನೀಲಾಂಬಿಕೆ ಮಣ್ಣಿನ ಪಕ್ಕ ಕುಳಿತು ನನ್ನನ್ನು ಬಿಡಿಸಿದಳು. ತಂಗಿಗೆ ಕನ್ನಡ ಕೇಳಿಸಲೆಂದು ಗಟ್ಟಿಯಾಗಿ ಓದತೊಡಗಿದಳು. ಯಾವುದೋ ರಾಜ, ಯಾವುದೋ ಕೆರೆ. ನಾಲ್ಕು ಸಾಲು ದಾಟುವುದರೊಳಗೆ ಓದು ನಿಲ್ಲಿಸಿದಳು. ನನ್ನನ್ನು ಮುಚ್ಚಿದಳು.

"ಮುಕ್ತಾ, ಊಟಾ ಸೇರ್ತಿತ್ತೇನವಾ ನಿನಗ ಇಲ್ಲಿ?" ಎಂದಳು. ಅಷ್ಟೇ ಕೇಳಿದ್ದು. ಆಮೇಲೆ ಬಹಳ ಹೊತ್ತು ಅತ್ತಳು.

ಹೋಗುವಾಗ ನನ್ನನ್ನು ಮಠದ ಕಪಾಟಿನಲ್ಲಿಟ್ಟಳು. ಪತ್ರವನ್ನು ಮಾತ್ರ ತೆಗೆದುಕೊಂಡಳು. ಅವಳ ಸುದ್ದಿ ಮತ್ತೆ ನನಗೆ ತಿಳಿಯಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಬೆನ್ನಿನ ಹೊಲಿಗೆ ಸಡಿಲವಾಗಿದೆ. ಈ ನಾಡಿನ ಕಥೆಯನ್ನೇ ಒಡಲಲ್ಲಿಟ್ಟುಕೊಂಡು ಈ ನಾಡಿನಲ್ಲೇ ಕುಳಿತಿದ್ದೇನೆ, ಓದಬಲ್ಲವರು ಒಬ್ಬರೂ ಇಲ್ಲ. ನನ್ನಲ್ಲಿ ಇಷ್ಟೊಂದು ಸಂಗತಿ ಇರದೆ, ಮೂವತ್ತು ಪುಟದ ಕಿರುಹೊತ್ತಿಗೆಯಾಗಿದ್ದರೆ ಅವಳು ಬೇಗ ಹೊರಡುತ್ತಿದ್ದಳೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಇಲ್ಲಿಯ ಸಿಂಹಳ ಅಕ್ಷರಗಳೂ ನನ್ನವುಗಳಂತೆ ದುಂಡಗಿವೆ. ಹೊಸದಾಗಿ ಬಂದ ಸನ್ಯಾಸಿನಿಯರು ಗುರುತು ಸಿಕ್ಕಿತೆಂದುಕೊಂಡು ನನ್ನನ್ನು ಬಿಡಿಸುತ್ತಾರೆ, ಬೆರಳಿಟ್ಟು ಒಂದು ಸಾಲು ತಡಕುತ್ತಾರೆ. ಪವಿತ್ರ ಗ್ರಂಥವಿರಬೇಕೆಂದು ಹಣೆಗೊತ್ತಿಕೊಂಡು, ತಲೆಕೆಳಗಾಗಿ ಮತ್ತೆ ಕಪಾಟಿನಲ್ಲಿಡುತ್ತಾರೆ.