ಪೆಟ್ಟಿಗೆ ಕೊಟ್ಟ ಕರೆಂಟು

ವೆಲ್ಡಿಂಗ್ ಶೆಡ್‌ನಿಂದ ಅವನು ಮನೆಯೊಳಗೆ ಕಾಲಿಡುವಷ್ಟರಲ್ಲೇ ಹೆಂಡತಿಯ ದೂರು ಬಾಗಿಲಲ್ಲಿ ಕಾದು ನಿಂತಿತ್ತು.

"ರೀ, ಆ ವೈಫೈ ಪೆಟ್ಟಿಗೆ ಇವತ್ತೂ ಕಚ್ಚಿತು."

"ಕಚ್ಚೋಕೆ ಅದೇನು ನಾಯಿನಾ?"

"ಧೂಳು ಒರೆಸೋಕೆ ಹೋದೆ, ಜುಂ ಅಂತು. ಬೇಕಿದ್ರೆ ನೀವೇ ಮುಟ್ಟಿ ನೋಡಿ."

ಅವನು ಮುಟ್ಟಿದ. ಪೆಟ್ಟಿಗೆಯ ತಗಡಿನ ಬೆನ್ನ ಮೇಲೆ ಇಡೀ ಅಂಗೈ ಊರಿ ನಿಂತ. ಜುಂ ಇಲ್ಲ, ಗಿಂ ಇಲ್ಲ.

"ಬೆಂಕಿ, ಕರೆಂಟಿನ ಜೊತೆ ಸಂಸಾರ ಮಾಡೋನು ಕಣೆ ನಾನು. ನಂಗೆ ಹೊಡೀದೇ ಇರೋದು ನಿಂಗೆ ಹೊಡೆಯುತ್ತಾ?" ಎಂದು ನಕ್ಕ. ಕಾಲಲ್ಲಿ ದಪ್ಪ ರಬ್ಬರ್ ಅಟ್ಟೆಯ ಬೂಟು ಇತ್ತೆಂಬುದು ಅವನಿಗೆ ಹೊಳೆಯಲೇ ಇಲ್ಲ. ಶೆಡ್ಡಿನಲ್ಲಿ ಎಲ್ಲರಿಗೂ ಬುದ್ಧಿ ಹೇಳುವವನ ಬುದ್ಧಿಗೆ ಮನೆಗೆ ಬಂದೊಡನೆ ಮಂಕು ಕವಿದಿತ್ತು.

ಕಿಟಕಿ ಪಕ್ಕ ಕೂತಿದ್ದ ತಾಯಿ ತುಟಿ ಎರಡು ಮಾಡಲಿಲ್ಲ. ಆಕೆ ಟೈಲರ್. ಬೀದಿಯ ಅರ್ಧ ಜನ ಆಕೆ ಹೊಲಿದದ್ದನ್ನು ತೊಟ್ಟು ಬೆಳೆದವರೇ. ಲಕ್ವ ಹೊಡೆದ ಮೇಲೆ ಬಲಗೈ, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು. ಹಿಂಡಲೆಂದು ಆಸ್ಪತ್ರೆಯವರು ಸ್ಪಂಜಿನ ಚೆಂಡು ಕೊಟ್ಟಿದ್ದರು. ಮೊದಮೊದಲು ಹಲ್ಲು ಕಚ್ಚಿ ಹಿಂಡಿದಳು. ಈಚೆಗೆ ಚೆಂಡೇ ಕಾಣೆ. ಕೇಳಿದರೆ, "ಕೈ ತಾನಾಗೇ ಬರ್ತಿದೆ ಕಣೋ" ಎನ್ನುವಳು. ಮುಖಕ್ಕೂ ಕಳೆ ಬಂದಿತ್ತು. ಸೊಸೆಯ ಕೈಲಿ ಹೊಲಿಗೆ ಮಿಷನ್ನಿನ ಹೊದಿಕೆ ತೆಗೆಸಿ, ಎಣ್ಣೆ ಬಿಡಿಸಿದ್ದಳು. ನಂಬಬಾರದೆಂದು ಮಗನಿಗೆ ಅನಿಸಲಿಲ್ಲ. ನಂಬಲು ಅವನಿಗೂ ಬೇಕಿತ್ತು.

ರಜೆಯ ದಿನ ಸ್ನಾನ ಮುಗಿಸಿ ಒದ್ದೆಗಾಲಲ್ಲಿ ಬಂದವನು, ನೆಟ್ ನಿಂತಿದೆಯೆಂದು ಪೆಟ್ಟಿಗೆಯನ್ನು ಹಿಡಿದೆತ್ತಿದ. ಜುಂ! ಮೊಣಕೈವರೆಗೆ ಇರುವೆ ಸಾಲು ಓಡಿತು.

"ಅಯ್ಯಯ್ಯೋ!"

ಅಡುಗೆಮನೆಯಿಂದ ತಣ್ಣಗೆ ಕೇಳಿಬಂತು: "ಏನ್ರೀ, ನಾಯಿ ಕಚ್ಚಿತಾ?"

ಟೆಸ್ಟರ್ ಇಟ್ಟರೆ ಮಿಣಮಿಣ ಉರಿಯಿತು. ಗೋಡೆಯ ಪ್ಲಗ್ಗಿನಿಂದ ಪೆಟ್ಟಿಗೆಗೆ ಕರೆಂಟ್ ಕೊಡುವ ಅಡಾಪ್ಟರ್ ಕೆಟ್ಟು, ಒಳಗಿಂದ ಸೋರುತ್ತಿತ್ತು. ಅವನ ಪಿತ್ತ ನೆತ್ತಿಗೇರಿತು. ಅಡಾಪ್ಟರ್ ಕಿತ್ತು ಕಪಾಟಿನ ಮೇಲೆಸೆದು ವೈಫೈ ಕಂಪನಿಗೆ ಫೋನ್ ಮಾಡಿದ.

"ಅದು ಮಾಮೂಲು ಸರ್. ಚಪ್ಪಲಿ ಹಾಕ್ಕೊಂಡು ಮುಟ್ಟಿ."

"ಚಪ್ಪಲಿನಾ? ಕೈಯಲ್ಲಿ ಹಿಡ್ಕೊಂಡು ನಿಮ್ಮ ಆಫೀಸಿಗೇ ಬರ್ತೀನಿ, ಇರಿ!"

ಆ ಮಾತು ನಾಟಿತು. ಮಾರನೇ ದಿನ ಸಂಜೆ ಕಂಪನಿಯವನೊಬ್ಬ ಹೊಸ ಅಡಾಪ್ಟರ್ ಹಿಡಿದು ಶೆಡ್ಡಿಗೇ ಬಂದ. ಅವನನ್ನು ಕರೆದುಕೊಂಡು ಮನೆಗೆ ಬಂದರೆ, ಹಳೇ ಅಡಾಪ್ಟರ್ ಮತ್ತೆ ಪ್ಲಗ್ಗಿನಲ್ಲಿತ್ತು. ತಾಯಿ ಬರಿಗಾಲಲ್ಲಿ ನಿಂತು, ಎಡಗೈಯಿಂದ ಬಲಗೈಯನ್ನು ಎತ್ತಿ ಪೆಟ್ಟಿಗೆಯ ಮೇಲಿಟ್ಟು ಕಣ್ಣು ಮುಚ್ಚಿದ್ದಳು.

"ಅಮ್ಮಾ!" ಎಂದವನೇ ಓಡಿ ಸ್ವಿಚ್ ಆರಿಸಿದ.

"ಯಾಕೋ ಆರಿಸಿದೆ? ಬೆರಳಲ್ಲಿ ಏನೂ ಇಲ್ಲ, ಆದ್ರೆ ಮೊಣಕೈ ಹತ್ರ ಹರೀತಿತ್ತು."

"ಅದು ಶಾಕು ಅಮ್ಮಾ!"

"ಆಸ್ಪತ್ರೇಲಿ ಇದೇ ಕೈಗೆ ಕರೆಂಟ್ ಕೊಡ್ಲಿಲ್ವಾ? ಅವ್ರು ಕೊಟ್ರೆ ಚಿಕಿತ್ಸೆ, ಪೆಟ್ಟಿಗೆ ಕೊಟ್ರೆ ಶಾಕಾ?"

ಕಂಪನಿಯವನಿಗೆ ನಗು ಬಂತು. ಮಗ ತಿರುಗಿ ದುರುಗುಟ್ಟಿದ. ನಗು ಬಾಯಲ್ಲೇ ಸತ್ತಿತು.

"ಅಲ್ಲಿ ಅಳತೆ ಮಾಡಿ ಕೊಡ್ತಾರೆ. ಇದು ಕೆಟ್ಟು ಸೋರೋದು. ಇವತ್ತು ಜುಂ ಅಂದಿದ್ದು ನಾಳೆ ಹಿಡ್ಕೊಂಡು ಬಿಡದೇ ಹೋದ್ರೆ?"

"ಹಿಡ್ಕೊಳ್ಳಲಿ ಬಿಡು. ಈ ಕೈನ ಹಿಡ್ಕೊಳ್ಳೋರು ಇನ್ಯಾರಿದ್ದಾರೆ?"

ಅವನ ಸಿಟ್ಟೆಲ್ಲ ನಿಂತಲ್ಲೇ ನಿಂತಿತು. ಆಸ್ಪತ್ರೆಯಿಂದ ಬಂದ ಮೇಲೆ ಔಷಧಿ ತಂದಿದ್ದ, ಕುರ್ಚಿ ತಂದಿದ್ದ. ಆ ಕೈಯನ್ನು ಮುಟ್ಟಿದ್ದು ಮಾತ್ರ ನೆನಪಾಗಲಿಲ್ಲ.

ಕಂಪನಿಯವನು ಅಡಾಪ್ಟರ್ ಬದಲಿಸಿ, ಬೆಕ್ಕಿನಂತೆ ಸದ್ದಿಲ್ಲದೆ ಹೊರಟುಹೋದ. ತಾಯಿ ಮತ್ತೆ ಕೈ ಎತ್ತಿ ಪೆಟ್ಟಿಗೆಯ ಮೇಲಿಟ್ಟಳು. ಕಾದಳು.

"ಹೋಯ್ತು. ಬಂದ ಕೈ ಹೋಯ್ತು ಕಣೋ."

ಅವನು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಬೂಟು ಬಿಚ್ಚಿ, ಮುಂದೆ ಮಂಡಿಯೂರಿ ಆ ಕೈಯನ್ನು ತನ್ನ ಒರಟು ಕೈಗಳಲ್ಲಿ ತೆಗೆದುಕೊಂಡ. ಹೆಬ್ಬೆರಳು ಒತ್ತಿದ. "ಗೊತ್ತಾಗುತ್ತಾ?"

"ಇಲ್ಲ. ಹಾಗೆ ಒತ್ತಿದ್ರೆ ಆಗಲ್ಲ, ಸೂಜಿ ತಾ."

ಮಿಷನ್ನಿನ ಡ್ರಾಯರಿನಿಂದ ಸೂಜಿ ತಂದ. ಚುಚ್ಚಲು ಧೈರ್ಯ ಬರಲಿಲ್ಲ.

"ಬೆಂಕಿ ಜೊತೆ ಸಂಸಾರ ಮಾಡೋನಿಗೆ ಸೂಜಿ ಭಯನಾ? ಕೊಡಿಲ್ಲಿ."

ಎಡಗೈಯಲ್ಲಿ ತಾನೇ ಚುಚ್ಚಿಕೊಳ್ಳುತ್ತ ಹೋದಳು. ಹೆಬ್ಬೆರಳು, ಇಲ್ಲ. ತೋರುಬೆರಳು, ಇಲ್ಲ. ಕಿರುಬೆರಳ ಅಂಚಿಗೆ ಬಂದಾಗ ಸೂಜಿ ನಿಂತಿತು. ಇನ್ನೊಮ್ಮೆ ಅಲ್ಲೇ ಚುಚ್ಚಿದಳು.

"ಇಲ್ಲಿ ಇದೆ. ಎಳ್ಳಿನಷ್ಟು."

"ನಿಜಾನಾ?"

"ಬಟ್ಟೆ ಇಲ್ದಿದ್ರೆ ಇದೆ ಅಂತ ಹೊಲಿಗೆ ಹಾಕೋಕಾಗುತ್ತಾ? ಇದೆ. ಆ ಚೆಂಡು ಮಿಷನ್ ಕೆಳಗೆ ಎಸೆದಿದ್ದೀನಿ, ತೆಗಿ."

ಅವನು ನೆಲಕ್ಕೆ ಮಲಗಿ ತೆಗೆದ. ಚೆಂಡಿಗೆ ದಾರದ ತುಂಡುಗಳು ಅಂಟಿದ್ದವು. ಆಕೆಯ ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಿಸಿ, ಮೇಲೆ ತನ್ನ ಕೈ ಮುಚ್ಚಿದ.

"ಹಿಂಡಮ್ಮ. ಆ ಕಂಪನಿಯವರ ಕುತ್ತಿಗೆ ಅಂದ್ಕೋ."

"ಅವರದ್ದು ಆಮೇಲೆ. ಮೊದಲು ನಿಂದು. ಬೂಟು ಹಾಕ್ಕೊಂಡು ಮುಟ್ಟಿ ನನ್ನ ಸೊಸೆನ ಸುಳ್ಳಿ ಮಾಡಿದ್ಯಲ್ಲ!"

"ಬೂಟು ನೋಡಿಯೂ ಸುಮ್ನಿದ್ಯಾ?"

"ಬಾಯ್ಬಿಟ್ಟಿದ್ರೆ ಪೆಟ್ಟಿಗೆ ಅವತ್ತೇ ಹೋಗ್ತಿತ್ತು," ಎಂದು ತಾಯಿ ಹಲ್ಲು ಕಚ್ಚಿ ಹಿಂಡಿದಳು.