ಒಡೆಯದ ತತ್ತಿ

ಮಾಲಿಂಗಪ್ಪ ಬೆಳೆಗೆ ಔಷಧಿ ಹೊಡೆಯುವ ಪಂಪನ್ನು ಹೆಗಲಿಗೇರಿಸುವಷ್ಟರಲ್ಲಿ ಅವನ ಹೆಂಡತಿ ಮಾಯವ್ವ ಕಡಸಿಗೆ ಅಡ್ಡ ನಿಂತಳು.

“ಸರಿ ಬಾಜೂಕ,” ಎಂದು ಅವನು ಗದರಿದ. “ಡಾಕ್ಟರ್ ಎಣ್ಣಿ ಹಾಕಿ ಎಂಟ ದಿನಾ ಆತು, ಉಣ್ಣಿ ಹಂಗ ಅದಾವ. ಗೋವಿನಜೋಳಕ್ಕ ಹೊಡಿಯೋ ನಮ್ಮ ಎಣ್ಣಿ ಖಡಕ್ ಐತಿ.”

“ಅದು ಹೊಲದ ಎಣ್ಣಿರಿ! ಡಾಕ್ಟರ್ ಹಾಕಿದ್ದು ದನದ ಎಣ್ಣಿ!”

“ಎಣ್ಣಿಗೇನ ಜಾತಿ ಐತೇನ?”

ಅವರ ಊರು ಕಲ್ಲೋಳಿಯಲ್ಲಿ ಬೆಳೆಗೆ ಹೊಡೆಯುವ ವಿಷಕ್ಕೂ ಎಣ್ಣೆಯೆಂದೇ ಹೆಸರು. ಪಶುವೈದ್ಯೆ ರಾಧಿಕಾ ಕಡಸಿನ ಬೆನ್ನುದ್ದಕ್ಕೂ ಸುರಿದ ಔಷಧವನ್ನೂ ಮಾಲಿಂಗಪ್ಪ ಅದೇ ಲೆಕ್ಕಕ್ಕೆ ಹಿಡಿದಿದ್ದ. ಪಾಪ, ಅವನ ಸಂಕಟವೂ ಸಣ್ಣದಲ್ಲ. ಹೋದ ವರ್ಷ ಉಣ್ಣೆ ಕಚ್ಚಿ ಜ್ವರ ಬಂದು ಈ ಕಡಸಿನ ತಾಯಿ ಮೂರೇ ದಿನಕ್ಕೆ ಸತ್ತಿತ್ತು. ಈಗ ಕಡಸಿಗೆ ಏಳು ತಿಂಗಳ ಗಬ್ಬ.

“ಹೊಲದ ಎಣ್ಣಿ ನೆಕ್ಕಿ, ಗಬ್ಬ ಹೋಗಿ ಕಂದು ಹಾಕಿದ್ರ ಏನ ಮಾಡ್ತೀರಿ? ಉಣ್ಣಿ ತಕ್ಷಣ ಸಾಯಂಗಿಲ್ಲ, ಅವು ಇಡೋ ತತ್ತಿ ಒಡೆಯಂಗಿಲ್ಲ ಅಂತ ಡಾಕ್ಟರ್‌ಬಾಯಿ ಹೇಳ್ಯಾರ. ಒಂದ ತಿಂಗಳ ತಡೀರಿ.”

“ಅಷ್ಟರಾಗ ಜ್ವರ ಬಂದ್ರ?”

ಮಾಯವ್ವ ಕಡಸಿನ ಹಗ್ಗ ಬಿಗಿಯಾಗಿ ಹಿಡಿದಳು. ಖರೆ ಹೇಳಬೇಕೆಂದರೆ ಅವಳಿಗೂ ಡಾಕ್ಟರ ಮಾತಿನ ಮೇಲೆ ಅರ್ಧವೇ ನಂಬಿಕೆ. ಆದರೂ ಜಗ್ಗಲಿಲ್ಲ. ಗೊಣಗುತ್ತ ಅವನು ಪಂಪು ಕೆಳಗಿಟ್ಟ.

ಡಾಕ್ಟರ ಮಾತು ಖರೆಯೋ ಸುಳ್ಳೋ ತಾನೇ ನೋಡಲೆಂದು ಅವಳು ಎರಡು ಉಪ್ಪಿನಕಾಯಿ ಬಾಟಲಿ ತೊಳೆದು ಒಣಗಿಸಿದಳು. ಕಡಸಿನ ಮೈಯಿಂದ ತಾವಾಗಿ ಉದುರಿದ, ಔಡಲ ಬೀಜದಂತೆ ಉಬ್ಬಿದ ಐದು ಉಣ್ಣೆಗಳನ್ನು ಒಂದಕ್ಕೆ ಹಾಕಿ ಕೊರಳಿಗೆ ಕೆಂಪು ದಾರ ಕಟ್ಟಿದಳು. ಯಾವ ಔಷಧವೂ ಕಾಣದ, ಪಕ್ಕದ ಮನೆಯ ಸತ್ತೆವ್ವನ ಎತ್ತಿನ ಐದು ಉಣ್ಣೆಗಳನ್ನು ಇನ್ನೊಂದಕ್ಕೆ ಹಾಕಿದಳು. ಎರಡರ ಬಾಯಿಗೂ ಬಟ್ಟೆ ಬಿಗಿದು ಗೋಡೆಯ ಮಾಡದಲ್ಲಿಟ್ಟಳು.

“ಏ ಮಾಯವ್ವಾ, ಕುರಿ ಸಾಲಲಿಲ್ಲಂತ ಉಣ್ಣಿ ಸಾಕಾಕತ್ತೀಯೇನ?” ಎಂದು ಸತ್ತೆವ್ವ ಹೊಟ್ಟೆ ಹಿಡಿದು ನಕ್ಕಳು.

ಹತ್ತು ದಿನಕ್ಕೆ ಎರಡೂ ಬಾಟಲಿಗಳಲ್ಲಿ ಕಂದು ಬಣ್ಣದ ತತ್ತಿಗಳು ರಾಶಿ ಬಿದ್ದವು. ಮಾಲಿಂಗಪ್ಪನಿಗೆ ಅಷ್ಟೇ ಬೇಕಾಗಿತ್ತು.

“ನೋಡ! ನಿಮ್ಮ ಡಾಕ್ಟರ್‌ಬಾಯಿ ಉಣ್ಣಿ ಬಾಣಂತನ ಮಾಡ್ಯಾಳ!”

ಅಂದಿನಿಂದ ಬೆಳಗೆದ್ದ ಕೂಡಲೇ ಕಡಸಿನ ಕಿವಿ ಮುಟ್ಟಿ ಬಿಸಿ ನೋಡುವುದೇ ಮಾಯವ್ವನ ಮೊದಲ ಕೆಲಸವಾಯಿತು. ಒಂದು ದಿನ ಹಿತ್ತಲಿಂದ ಬಂದಾಗ, ಗಂಡನೂ ಅತ್ತಿತ್ತ ನೋಡಿ ಅದೇ ಕಿವಿ ಮುಟ್ಟುತ್ತಿದ್ದ. ಅವಳು ಕಂಡೂ ಕಾಣದಂತೆ ಒಳಗೆ ಹೋದಳು.

ಬಾಟಲಿ ಇಟ್ಟು ತಿಂಗಳು ತುಂಬಿದ ಮೇಲೊಂದು ಮುಂಜಾನೆ ಮಾಯವ್ವ “ಬರ್ರಿ ಇಲ್ಲೆ!” ಎಂದು ಕೂಗಿಕೊಂಡಳು. ಸತ್ತೆವ್ವನ ಎತ್ತಿನ ಬಾಟಲಿಯಲ್ಲಿ ಕೆಂಪು ಧೂಳಿಗೆ ಕಾಲು ಬಂದಂತೆ ನೂರಾರು ಮರಿಗಳು ಗಾಜು ಹತ್ತುತ್ತಿದ್ದವು. ಕೆಂಪು ದಾರದ ಬಾಟಲಿಯಲ್ಲಿ ಏನೂ ಅಲುಗಾಡುತ್ತಿರಲಿಲ್ಲ.

ಮಾಲಿಂಗಪ್ಪ ಅದರ ಬಟ್ಟೆ ಬಿಚ್ಚಿ ಎಡ ಅಂಗೈಗೆ ಸುರಿದುಕೊಂಡ. ತತ್ತಿಗಳು ಸೊರಗಿ ಒಣಗಿದ್ದವು. ಹೆಬ್ಬೆರಳಿಂದ ತಿಕ್ಕಿದರೆ ಪುಡಿಯಾದವು.

“ಸತ್ತೆವ್ವನ ಬಾಟ್ಲಿ ಒಲಿಯಾಗ ಹಾಕ. ಆಕಿ ಎತ್ತಿಗೂ ಡಾಕ್ಟರ್‌ಬಾಯಿನ್ನ ಕರ್ಯಾಕ ಹೇಳ,” ಎಂದ, ಹೆಂಡತಿಯ ಮುಖ ನೋಡದೆ.

ಆಮೇಲೆ ಕಡಸಿನ ಬಳಿ ಹೋಗಿ ಬಲಗೈಯನ್ನು ಅದರ ಹೊಟ್ಟೆಯ ಮೇಲಿಟ್ಟ. ಒಳಗಿನಿಂದ ಕರು ಒಮ್ಮೆ ಒದೆಯಿತು. ಎಡಗೈಯ ಪುಡಿಯನ್ನು ಕೊಡವುವುದನ್ನೂ ಮರೆತು, ಅದು ಇನ್ನೊಮ್ಮೆ ಒದೆಯಲೆಂದು ಅವನು ಹಾಗೆಯೇ ನಿಂತಿದ್ದ.