ಹಸಿಯಬೇಕಾದವು

ಮೂರನೇ ಸಲವೂ ಹಾಗೇ. ನಿನ್ಸೀಮಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, "ಥೂ, ನಿಮ್ಮ ಮನೆ ಹಾಳಾಗ!" ಎಂದಳು. ಬೈಸಿಕೊಂಡಿದ್ದು ರಾಗಿಗೆ ಬೆಂಕಿರೋಗ ತರುವ ಬೂಷ್ಟು.

ಅದರ ಬೀಜಕಣವನ್ನು ಶುದ್ಧ ನೀರಿನ ಹನಿಯಲ್ಲಿ ಬಿಟ್ಟರೆ, ತಿನ್ನಲು ಏನೂ ಸಿಗದೆ, ಒಡಲಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿಕೊಂಡು ಕಪ್ಪು ಗುಬುಟು ಕಟ್ಟಬೇಕು. ಆ ಗುಬುಟಿನ ಒತ್ತಡದಿಂದಲೇ ಅದು ಎಲೆಗೆ ತೂತು ಕೊರೆಯುವುದು. ಕೊಬ್ಬು ಯಾವಾಗ, ಎಷ್ಟು ಕರಗುತ್ತದೆಂದು ಅಳೆಯುವುದು ಅವಳ ಕೆಲಸ. ಇಲ್ಲಿ ನೋಡಿದರೆ ಗುಬುಟೂ ಇಲ್ಲ, ಗಿಬುಟೂ ಇಲ್ಲ. ಉದ್ದುದ್ದ ಎಳೆ ಬಿಟ್ಟುಕೊಂಡು ಸೋಮಾರಿಗಳ ಹಾಗೆ ಬಿದ್ದಿವೆ. ಇವತ್ತೂ ಆಗದಿದ್ದರೆ ಕೆಲಸದಿಂದ ತೆಗೆಯುತ್ತೇವೆಂದು ದೊಡ್ಡ ಸಾಹೇಬರು ಹೇಳಿಬಿಟ್ಟಿದ್ದರು.

ತನ್ನೂರು ಕಬಾಲೆಯ ಬೆಟ್ಟ ಬಿಟ್ಟು ಈ ಟೇಸೋ ಬಯಲಿನ ಸಂಶೋಧನಾ ಕೇಂದ್ರಕ್ಕೆ ಬಂದು ಎಂಟು ತಿಂಗಳು. ಸಂಜೆಯಾದರೆ ಕೇಂದ್ರದವರೆಲ್ಲ ಮಡಕೆಯ ಸುತ್ತ ಕೂತು ಉದ್ದನೆಯ ಕೊಳವೆಗಳಲ್ಲಿ ರಾಗಿ ಹೆಂಡ ಹೀರುವರು. ಇವಳು ಹೆಂಡ ಮುಟ್ಟದವಳು, ಕೋಣೆಯ ಬಾಗಿಲು ಹಾಕಿಕೊಳ್ಳುವಳು. ಎಷ್ಟು ಒಂಟಿಯೆಂದರೆ, ಹಗಲಲ್ಲಿ ಬೂಷ್ಟಿನ ಜೊತೆಗೇ ಮಾತು. ಅದೂ ಹೋದರೆ ಇನ್ನೇನಿದೆ?

ಗಾಜು ತೊಳೆಯುವ ಮುದುಕ ಒಮೋಡಿಂಗ್ ಬಾಗಿಲಲ್ಲಿ ನಿಂತಿದ್ದ.

"ಇನ್ನೂ ಸೊರಗೇ ಇದಾವಾ ಮಗಳೇ? ನಾನ್ ದಿನಾ ಎರಡು ತೊಟ್ಟು ಹಾಕ್ತಾನೇ ಇದೀನಲ್ಲ."

"ಏನ್ ಹಾಕ್ತಿದೀರಿ?"

"ಮೊಳಕೆ ರಾಗಿ ನೆನೆಸಿದ ತಿಳಿ. ನಿನ್ ನೀರಿನ ಬಾಟ್ಲಿಗೆ. ಬರೀ ನೀರು ಕೊಟ್ಟು ಯಾರನ್ನಾದ್ರೂ ಕೂರಿಸ್ತಾರಾ? ನಮ್ ಕಡೆ ಶತ್ರು ಬಂದ್ರೂ ಉಣಿಸ್ದೆ ಕಳ್ಸಲ್ಲ."

"ಅಯ್ಯೋ ದೇವರೇ! ಹೊಟ್ಟೆ ತುಂಬಿದ್ರೆ ಅವು ಗುಬುಟು ಯಾಕ್ ಕಟ್ತಾವೆ ಅಜ್ಜ? ಹಸೀಬೇಕು ಅವು, ಹಸೀಬೇಕು!"

ಅಷ್ಟರಲ್ಲಿ ಸಾಹೇಬರು ಬಂದರು. ಬಗ್ಗಿ ನೋಡಿದವರೇ, "ನೀರಿಗೆ ಏನೋ ಬೆರೆತಿದೆ. ಯಾರ ಕೆಲಸ ಇದು?" ಎಂದರು.

ಒಮೋಡಿಂಗನದು ಮೂವತ್ತು ವರ್ಷದ ಚಾಕರಿ. ಪಿಂಚಣಿಗೆ ಎರಡೇ ತಿಂಗಳು ಬಾಕಿ. ಅವನು ನೆಲ ನೋಡುತ್ತ ನಿಂತ. ಏನಾದರೂ ಹೇಳಿಯಾನು ಎಂದು ಅವಳು ಒಂದು ಗಳಿಗೆ ಕಾದಳು. ಆಮೇಲೆ ತಾನೇ ಒಂದು ಹೆಜ್ಜೆ ಮುಂದೆ ಬಂದಳು.

"ನಂದೇ ತಪ್ಪು, ಸರ್."

ಕೆಲಸ ಹೋಯಿತು. ಶನಿವಾರ ಅವಳ ಊರಿನ ಬಸ್ಸು ಹೊರಡುವಾಗ ಮುದುಕ ಏದುಸಿರು ಬಿಡುತ್ತ ಓಡಿಬಂದು, ಬಾಳೆ ಎಲೆಯ ಪೊಟ್ಟಣವೊಂದನ್ನು ಕಿಟಕಿಯೊಳಗೆ ತುರುಕಿದ.

"ನಾನು ಹೇಡಿ, ಮಗಳೇ."

"ಗೊತ್ತು ಅಜ್ಜ." ಅವನ ಮೇಲೆ ಅವಳಿಗೆ ಸಿಟ್ಟಿತ್ತು. ಬಿಟ್ಟುಹೋಗಲು ಸಂಕಟವೂ ಆಗುತ್ತಿತ್ತು.

ಸೊರೋಟಿ ಪಟ್ಟಣ ದಾಟಿದ ಮೇಲೆ ಪೊಟ್ಟಣ ಬಿಚ್ಚಿದಳು. ರಾಗಿ ಮುದ್ದೆ ಇನ್ನೂ ಬಿಸಿಯಾಗಿತ್ತು; ಮೇಲೆ ಮುದುಕನ ನಾಲ್ಕು ಬೆರಳಿನ ಗುರುತು. ಹೊಟ್ಟೆ ಚುರುಗುಟ್ಟುತ್ತಿತ್ತು. ಆದರೂ ಅದನ್ನು ಮುರಿಯಲು ಮನಸ್ಸಾಗದೆ, ಆ ಗುರುತುಗಳ ಮೇಲೆ ತನ್ನ ಬೆರಳುಗಳನ್ನಿಟ್ಟುಕೊಂಡು ಬಹಳ ಹೊತ್ತು ಹಾಗೇ ಕೂತಿದ್ದಳು.